ಮನೆಯ ಪಾತಿ, ಮಾರ್ಕೆಟ್ಟಿನ ಪಾತಿ

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಿಲ ಬಾಗಿಲು ತೆಗೆದವಳಿಗೆ ಆ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆಗೆ ಕೊಳೆತ ಬೆಳ್ಳುಳ್ಳಿ ಹಿಂಡಿ, ಮೇಲಿಷ್ಟು ಸಿಹಿ ಬೆರೆಸಿದಂಥ ವಾಸನೆ. ಎಷ್ಟೋ ವರ್ಷಗಳಿಂದ ಮೂಸಿರಲಿಲ್ಲ, ಆದರೂ ತಕ್ಷಣ ಗುರುತು ಹತ್ತಿತು. ಪಕ್ಕದ ಅಪಾರ್ಟ್‌ಮೆಂಟಿನ ಗೋಡೆಯಾಚೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡ ಇಬ್ಬರು ಹುಲ್ಲುಹಾಸಿಗೆ ಔಷಧಿ ಹೊಡೆಯುತ್ತಿದ್ದರು. ಗಾಳಿ ಅತ್ತಲಿಂದ ಇತ್ತ ಬೀಸುತ್ತಿತ್ತು. ಗೋಡೆಯ ಈಚೆ, ನಮ್ಮ ಹೊಲದಲ್ಲಿ ಉಳಿದಿರುವ ಒಂದೇ ಒಂದು ತುಂಡಿನಲ್ಲಿ, ನನ್ನ ಸಬ್ಬಸಿಗೆ ಸೊಪ್ಪು ಮೊಣಕಾಲುದ್ದ ಬೆಳೆದು ನಿಂತಿತ್ತು. ಮಾರನೆಯ ದಿನ ಕಿತ್ತು ಶಿವಾಜಿನಗರದ ಒಬ್ಬ ಬಾಣಂತಿಗೆ ಕೊಟ್ಟುಬರಬೇಕಾಗಿದ್ದ ಸೊಪ್ಪು ಅದು. ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಎಲೆಗಳ ಮೇಲೆ ಸಣ್ಣಗೆ ಹನಿ ಕೂರುವುದನ್ನು ನೋಡುತ್ತಾ ನಿಂತವಳಿಗೆ ನನ್ನ ಸೋದರತ್ತೆ ಪಿಳ್ಳಮ್ಮ ನೆನಪಾದಳು. ನೆನಪಾದಳು ಅನ್ನುವುದಕ್ಕಿಂತ, ಸೊಂಟಕ್ಕೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಂತು ಬೈದಳು ಅನ್ನುವುದು ಸರಿ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಒಂದು ದಿನವೂ ಮೂಲೆ ಹಿಡಿದು ಕೂರಲಿಲ್ಲ. ದೊಡ್ಡನೆಕ್ಕುಂದಿಯ ಈ ಬಯಲೆಲ್ಲ ಆಗ ಸೊಪ್ಪಿನ ತೋಟ. ದಂಟು, ಮೆಂತ್ಯ, ಕೊತ್ತಂಬರಿ, ಚಕ್ಕೋತ, ಸಬ್ಬಸಿಗೆ, ಒಂದರ ಪಕ್ಕ ಒಂದು ಪಾತಿ. ಬಿತ್ತುವುದು, ನೀರು ಕಟ್ಟುವುದು ಅಪ್ಪ ಮತ್ತು ಚಿಕ್ಕಪ್ಪನ ಕೆಲಸ. ಕಿತ್ತು, ಬೇರು ತೊಳೆದು, ಬಾಳೆಪಟ್ಟೆಯಿಂದ ಕಟ್ಟು ಕಟ್ಟಿ, ಬೆಳಗಿನ ಬಸ್ಸಿಗೆ ಹೇರಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುವುದು ಅತ್ತೆಯ ಕೆಲಸ. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಒದ್ದೆ ಕೊತ್ತಂಬರಿಯ ಘಮ, ವಿಮಾನಪುರ ದಾಟುವಾಗ ಕಾರ್ಖಾನೆಯ ಸೈರನ್ನು, ನನ್ನನ್ನು ಕಿಟಕಿ ಪಕ್ಕ ಕೂರಿಸದೆ ಸೊಪ್ಪಿನ ಮಂಕರಿಯನ್ನೇ ಅಲ್ಲಿ ಕೂರಿಸುತ್ತಿದ್ದ ಅತ್ತೆಯ ಜೋರು, ಯಾವುದನ್ನೂ ನಾನು ಮರೆತಿಲ್ಲ. ಮಾರ್ಕೆಟ್ಟಿನಲ್ಲಿ ಅವಳು ತಮಿಳಿನವರೊಂದಿಗೆ ತಮಿಳು, ಸಾಬರೊಂದಿಗೆ ಅವರ ಮಾತು, ಪೊಲೀಸಿನವನೊಂದಿಗೆ ಬರೀ ಕಣ್ಣಿನ ಮಾತು ಆಡುತ್ತಿದ್ದಳು. ದಿನವೂ ಮೊದಲ ಕಟ್ಟು ಕೊಳ್ಳುತ್ತಿದ್ದವರು ಫಾತಿಮಾಬಿ, ಅಲ್ಲೇ ಹಿಂದಿನ ಗಲ್ಲಿಯವರು. ಅವರು ಚೌಕಾಸಿ ಮಾಡದೆ ಹೋದ ದಿನ ಅತ್ತೆಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಇಲ್ಲಿಯವರೆಗಿನದನ್ನು ಹೇಳಿದರೆ ಕೇಳುವವರು ಹಾಯಾಗಿ ನಿಟ್ಟುಸಿರು ಬಿಡುತ್ತಾರೆ, ಅಯ್ಯೋ ಎಂಥ ಕಾಲ ಹೋಯಿತು ಎನ್ನುತ್ತಾರೆ. ಹೋಯಿತು, ನಿಜ. ನಿಮ್ಮ ಹಾಗೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಕೆರೆ ಕೆಡಿಸಿದವರು ಅಪಾರ್ಟ್‌ಮೆಂಟಿನವರು, ಗಾಳಿ ಕೆಡಿಸಿದವರು ಕಾರಿನವರು, ನಾವು ಮಾತ್ರ ಹಾಲಿನಂಥವರು ಎಂದು ನಮ್ಮೂರಿನವರು ಬಾಡಿಗೆ ಎಣಿಸುತ್ತಾ ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರು ಬರುವ ಮೊದಲೇ ನಾವು ಶುರು ಮಾಡಿಯಾಗಿತ್ತು. ಅತ್ತೆ ಮದುವೆಯಾಗುವ ಮುಂಚೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರಿಗೆ ಊರೇ ಗಾಡಿ ಕಟ್ಟಿಕೊಂಡು ತಳದ ಕಪ್ಪು ಗೋಡನ್ನು ಹೊಲಕ್ಕೆ ಹೊಡೆಯುತ್ತಿತ್ತಂತೆ. ಕೆರೆಯ ಹೂಳು ಎತ್ತಿದ ಹಾಗೂ ಆಯಿತು, ಮಣ್ಣಿಗೆ ಊಟ ಹಾಕಿದ ಹಾಗೂ ಆಯಿತು. ನಾನು ಹುಟ್ಟುವ ಹೊತ್ತಿಗೆ ಸೀಮೆಗೊಬ್ಬರದ ಚೀಲಗಳು ಬಂದಿದ್ದವು, ಗೋಡು ಹೊಡೆಯುವುದು ಸೋಮಾರಿ ಎತ್ತುಗಳಿಗೂ ಬೇಡವಾಗಿತ್ತು. ಸೊಪ್ಪು ಕಡುಹಸಿರಾಗಿ ಎದ್ದು ನಿಂತಿತು, ಎಲ್ಲರೂ ಹಿಗ್ಗಿದರು. ಆಮೇಲೆ ಮಣ್ಣು ಬಿಗಿಯಿತು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಮಳೆ ಬಂದಾಗ ನೀರು ಇಂಗದೆ ಗೊಬ್ಬರವನ್ನೂ ತೊಳೆದುಕೊಂಡು ಕೆರೆಗಿಳಿಯಿತು, ಕೆರೆಯಲ್ಲಿ ಅಂತರಗಂಗೆ ಕಳೆ ಚಾಪೆ ಹಾಸಿದ ಹಾಗೆ ಹಬ್ಬಿತು, ಒಂದು ಬೇಸಿಗೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ಬಾವಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಅಮ್ಮ ಗೊಣಗುತ್ತಿದ್ದಳು. ಇನ್ನು ಹುಳಕ್ಕೆ ಔಷಧಿ ಹೊಡೆಯುವ ಬೆಳಗಂತೂ ಊರಿನ ಮೇಲೆಲ್ಲ ಆ ಬೆಳ್ಳುಳ್ಳಿ ವಾಸನೆ ಕವಿಯುತ್ತಿತ್ತು. ನಾವು ಮಕ್ಕಳು ಕಣ್ಣುಜ್ಜಿಕೊಳ್ಳುತ್ತಲೇ ಸ್ಕೂಲಿಗೆ ಹೋಗುತ್ತಿದ್ದೆವು.

ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದಕ್ಕೇ ಪ್ರತಿ ತೋಟದಲ್ಲೂ ಬಾವಿಯ ಪಕ್ಕ ಒಂದು ಚಿಕ್ಕ ಪಾತಿ ಬೇರೆ ಇರುತ್ತಿತ್ತು. ಅದಕ್ಕೆ ಮನೆ ಪಾತಿ ಎಂದೇ ಹೆಸರು. ಅದಕ್ಕೆ ಸೀಮೆಗೊಬ್ಬರ ಇಲ್ಲ, ಔಷಧಿ ಇಲ್ಲ, ಬರೀ ಸಗಣಿ, ಬೂದಿ. ಎಲೆ ತೂತು ಬಿದ್ದಿದ್ದರೂ ಮನೆಯ ಸಾರಿಗೆ ಅದೇ ಸೊಪ್ಪು. ಮಿಕ್ಕ ಹೊಲವೆಲ್ಲ ಮಾರ್ಕೆಟ್ ಪಾತಿ. ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಡುವಷ್ಟೇ ಸಹಜವಾಗಿ ನಮಗೆಲ್ಲ ತಿಳಿದಿತ್ತು. ಅತ್ತೆಗೂ ತಿಳಿದಿತ್ತು, ಅವಳೂ ಸುಮ್ಮನಿದ್ದಳು.

ತಿಳಿಯದೆ ಇದ್ದದ್ದು ರತ್ನ ಚಿಕ್ಕಮ್ಮನಿಗೆ ಮಾತ್ರ. ಚಿಕ್ಕಪ್ಪನನ್ನು ಮದುವೆಯಾಗಿ ಆಗಷ್ಟೇ ಮಾಲೂರಿನ ಕಡೆಯಿಂದ ಬಂದಿದ್ದಳು. ಅವಳ ತವರಿನಲ್ಲಿ ರಾಗಿ ಬೆಳೆಯುತ್ತಿದ್ದರು, ಸೊಪ್ಪು ಮಾರುವವರಲ್ಲ. ಒಂದು ದಿನ ಮನೆಯವರೆಲ್ಲ ಹೊಲದ ಇನ್ನೊಂದು ತುದಿಯಲ್ಲಿದ್ದಾಗ, ಎಲ್ಲರಿಗೂ ಮೊದಲ ಸಲ ತನ್ನ ಕೈಯಡುಗೆ ಬಡಿಸಬೇಕೆಂಬ ಆಸೆಯಿಂದ, ಎಲ್ಲಿ ಸೊಪ್ಪು ಚೆನ್ನಾಗಿ ಕಂಡಿತೋ ಅಲ್ಲಿಂದಲೇ ಮಡಿಲು ತುಂಬ ಸಬ್ಬಸಿಗೆ ಕಿತ್ತು ತಂದು ಬಸ್ಸಾರು ಮಾಡಿದಳು. ಮಧ್ಯಾಹ್ನ ಮುದ್ದೆ ತಟ್ಟೆಗೆ ಬಿತ್ತು. ಹೆಸರುಕಾಳು, ಸೊಪ್ಪು ಬಸಿದ ಕಟ್ಟು, ಅದಕ್ಕೆ ರುಬ್ಬಿದ ಖಾರ. ನಾನು ಎರಡು ತುತ್ತು ನುಂಗಿಯೂ ಆಗಿತ್ತು. ಅಪ್ಪ ತಟ್ಟೆ ಮೂಗಿನ ಹತ್ತಿರ ತಂದ.

"ಸೊಪ್ಪು ಎಲ್ಲಿಂದ ಕಿತ್ತೆ ತಾಯಿ?"

"ಅದೇ ಭಾವ, ದಾರಿ ಪಕ್ಕದ ಪಾತೀಲಿ. ಎಷ್ಟು ಚೆನ್ನಾಗಿತ್ತು ಅಂತೀರಾ, ಒಂದು ಹುಳ ಇಲ್ಲ."

ಅದು ಹಿಂದಿನ ದಿನವಷ್ಟೇ ಔಷಧಿ ಹೊಡೆದ ಪಾತಿ. ಅಪ್ಪ ನನ್ನ ಬಾಯಿಗೆ ಬೆರಳು ಹಾಕಿ ತುತ್ತು ಕಕ್ಕಿಸಿದ. ಅಮ್ಮ ಎಲ್ಲರಿಗೂ ಮಜ್ಜಿಗೆ ಕುಡಿಸಿದಳು. ಸಾರಿನ ಪಾತ್ರೆಯನ್ನು ಅಪ್ಪ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದ, ಕೋಳಿ ತಿಂದಾವೆಂದು ಮೇಲೆ ಮಣ್ಣು ಎಳೆದ. ಚಿಕ್ಕಮ್ಮ ಕಂಬಕ್ಕೊರಗಿ ಅಳುತ್ತಿದ್ದಳು. ಇಷ್ಟೆಲ್ಲ ಆಗುವಾಗ ಅತ್ತೆ ತನ್ನ ತಟ್ಟೆಯ ಮುಂದೆ ಕೂತೇ ಇದ್ದಳು, ಎಂಜಲು ಕೈ ಒಣಗುತ್ತಿತ್ತು.

"ಅಲ್ಲ ಕಣೋ," ಎಂದಳು ಅಪ್ಪನಿಗೆ. "ಕೋಳಿ ತಿಂದಾವು ಅಂತ ಮಣ್ಣು ಮುಚ್ಚಿ ಬಂದೆಯಲ್ಲ. ಇವತ್ತು ಬೆಳಿಗ್ಗೆ ಅದೇ ಪಾತಿ ಸೊಪ್ಪು ಫಾತಿಮಾಬಿ ಮಗಳಿಗೆ ಕೊಟ್ಟು ಬಂದಿದ್ದೀನಿ. ಹಸಿ ಬಾಣಂತಿ. ಹಾಲು ಬರ್ಲಿ ಅಂತ ನಾನೇ ಆರಿಸಿ ಕೊಟ್ಟೆ. ಅವಳಿಗೆ ಯಾರೋ ಮಜ್ಜಿಗೆ ಕುಡಿಸ್ತಾರೆ?"

"ಅಕ್ಕಾ, ಊರಿಗೆ ಊರೇ ಹಿಂಗೇ ಮಾಡ್ತೈತೆ," ಎಂದ ಅಪ್ಪ.

"ಊರು ನನ್ನ ತಟ್ಟೇಲಿ ಉಣ್ಣಲ್ಲ."

ಅಷ್ಟು ಹೇಳಿ ಎದ್ದವಳು ನೇರ ಬಾವಿಯ ಪಕ್ಕಕ್ಕೆ ಹೋದಳು. ಮನೆ ಪಾತಿಯ ಸೊಪ್ಪನ್ನೆಲ್ಲ ಬೇರು ಸಮೇತ ಕಿತ್ತು ಒಂದು ಗುಡ್ಡೆ ಹಾಕಿದಳು. ಅಮ್ಮ ಕೈ ಹಿಡಿದುಕೊಂಡರೂ ಬಿಡಲಿಲ್ಲ. ಇನ್ನು ಮೇಲೆ ಈ ಮನೆಗೆ ಬೇರೆ ಪಾತಿ ಇಲ್ಲ, ಮಾರುವುದನ್ನೇ ಉಣ್ಣಬೇಕು, ಉಣ್ಣುವುದನ್ನೇ ಮಾರಬೇಕು ಎಂದು ನಡು ಹೊಲದಲ್ಲಿ ನಿಂತು ಕೂಗಿದಳು. ಕಿತ್ತ ಸೊಪ್ಪನ್ನು ಮಂಕರಿಗೆ ತುಂಬಿ, ನನ್ನ ಕೈ ಹಿಡಿದುಕೊಂಡು, ಇದ್ದ ಸೀರೆಯಲ್ಲೇ ಮಧ್ಯಾಹ್ನದ ಬಸ್ಸು ಹತ್ತಿದಳು.

ಫಾತಿಮಾಬಿಯ ಮನೆಯ ಬಾಗಿಲಲ್ಲಿ ಆ ದಿನ ನಡೆದದ್ದನ್ನು ಕಣ್ಣಾರೆ ಕಂಡೆ. ಅತ್ತೆ ಒಂದನ್ನೂ ಮುಚ್ಚಲಿಲ್ಲ. ಎರಡು ಪಾತಿ ಇರುವುದನ್ನು ಹೇಳಿದಳು, ಔಷಧಿಯದನ್ನು ಹೇಳಿದಳು, ಬೆಳಗಿನ ಸೊಪ್ಪು ಎಲ್ಲಿಯದೆಂದು ಹೇಳಿದಳು. ದೇವರು ದೊಡ್ಡವನು, ಆ ಸೊಪ್ಪು ಇನ್ನೂ ಒಲೆ ಹತ್ತಿರಲಿಲ್ಲ, ನೀರಿನ ಬೋಗುಣಿಯಲ್ಲಿ ನೆನೆದಿತ್ತು. ಫಾತಿಮಾಬಿ ಅದನ್ನು ಚರಂಡಿಗೆ ಸುರಿದು ಬಂದು ಅತ್ತೆಯ ಮುಖವನ್ನೇ ನೋಡುತ್ತಾ ನಿಂತರು. "ಇಷ್ಟು ವರ್ಷ ನಿಂಗೆ ಬೇರೆ, ನಮ್ಗೆ ಬೇರೆ, ಕ್ಯಾ ಪಿಳ್ಳಮ್ಮ?" ಎಂದರು. ಅತ್ತೆ ಹೌದು ಎಂದಳು. ಒಳಗೆ ಮಗು ಅಳುತ್ತಿತ್ತು. ಕೊನೆಗೆ ಫಾತಿಮಾಬಿ ನಮ್ಮ ಮಂಕರಿಯಿಂದ ತೂತು ಬಿದ್ದ ದಂಟಿನ ಎಲೆಯೊಂದನ್ನು ಕಿತ್ತು ಅತ್ತೆಯ ಮುಂದೆ ಹಿಡಿದರು. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಆಮೇಲಷ್ಟೇ ಅವರು ಒಂದು ಕಟ್ಟು ತೆಗೆದುಕೊಂಡು ಒಳಗೆ ಹೋದರು. ಅಂದಿನಿಂದ ಅತ್ತೆ ಬದುಕಿರುವವರೆಗೂ ಮಾರ್ಕೆಟ್ಟಿನಲ್ಲಿ ಮೊದಲ ಕಟ್ಟು ಕೊಡುವ ಮುನ್ನ ಒಂದು ಎಲೆ ಹರಿದು ತಾನು ತಿನ್ನುತ್ತಿದ್ದಳು. ಪಕ್ಕದ ಸೊಪ್ಪಿನವರು ಮೇಕೆ ಎಂದು ಆಡಿಕೊಂಡು ನಗುತ್ತಿದ್ದರು, ಅವಳೂ ಮ್ಯಾ ಎಂದು ಕೂಗಿ ಅವರಿಗಿಂತ ಜೋರಾಗಿ ನಗುತ್ತಿದ್ದಳು.

ಮಣ್ಣು ಮಾತ್ರ ಅಷ್ಟು ಬೇಗ ಒಲಿಯಲಿಲ್ಲ. ಸೊಪ್ಪು ಬಡಕಲಾಗಿ ಬಂತು, ಹುಳ ತಿಂದು ಬಿಟ್ಟದ್ದು ನಮಗೆ ಎನ್ನುವ ಹಾಗಾಯಿತು. ಅಪ್ಪ ಒಂದು ಮಳೆಗಾಲವಿಡೀ ಅಕ್ಕನೊಂದಿಗೆ ಮಾತು ಬಿಟ್ಟ. ಮತ್ತೆ ಕೆರೆಗೋಡು ಹೊಡೆಯೋಣವೆಂದು ಅತ್ತೆ ಗಾಡಿ ಕಟ್ಟಿಸಿಕೊಂಡು ಹೋದವಳು ಕೆರೆಯ ತಳದ ಮಣ್ಣು ಮೂಸಿ ಬರಿಗಾಡಿಯಲ್ಲಿ ವಾಪಸ್ಸು ಬಂದಳು. ಅಲ್ಲಿಯೂ ಅದೇ ವಾಸನೆಯಿತ್ತು, ನಾವೇ ಕಳಿಸಿದ್ದು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತು ಮುಗಿಸಿ ಹೊಂಗೆಸೊಪ್ಪು ಕಡಿಯಲು ಹೋದಳು. ಹೊಂಗೆ, ಸಗಣಿ, ಬೂದಿ, ಮನೆಯ ಮುಸುರೆ, ಏನು ಸಿಕ್ಕಿದರೂ ಮಣ್ಣಿಗೆ ಹೂಳಿದಳು. ಎಷ್ಟೋ ಮಳೆ ಕಳೆದ ಮೇಲೆ ಒಂದು ಬೆಳಿಗ್ಗೆ ಪಾತಿಯ ಅಂಚಿನಲ್ಲಿ ಎರೆಹುಳುವಿನ ಹಿಕ್ಕೆ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಹಸು ಕರು ಹಾಕಿತೇನೋ ಎಂಬಂತೆ ಮನೆಯವರನ್ನೆಲ್ಲ ಕೂಗಿ ಕರೆದಳು. ಆ ದಿನ ಬಸ್ಸಾರು ಮಾಡಿದವಳು ರತ್ನ ಚಿಕ್ಕಮ್ಮನೇ. ಅಪ್ಪ ತಪ್ಪಾಯಿತು ಎಂದೇನೂ ಹೇಳಲಿಲ್ಲ, ಅವನ ಬಾಯಲ್ಲಿ ಅಂಥ ಮಾತು ಬರುತ್ತಿರಲಿಲ್ಲ. ಬಸಿದ ಕಟ್ಟನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು, ಲೋಟವನ್ನು ಮತ್ತೆ ಮುಂದೆ ನೂಕಿದ.

ಈಗ ಅಪ್ಪ ಇಲ್ಲ, ಅತ್ತೆ ಇಲ್ಲ, ಬಾವಿಯ ಮೇಲೆ ಯಾರದೋ ಪಾರ್ಕಿಂಗು ಇದೆ. ಹೊಲ ಮಾರುವಾಗ ಅತ್ತೆ ಹಟ ಹಿಡಿದು ಉಳಿಸಿದ ಈ ತುಂಡು ನನ್ನ ಪಾಲಿಗೆ ಬಂತು. ಮಾರತ್ತಹಳ್ಳಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ, ಹೊಟ್ಟೆಪಾಡು ಅದರಿಂದ. ಬೋರ್‌ವೆಲ್ ನೀರು ನಂಬುವ ಹಾಗಿಲ್ಲ, ಆದ್ದರಿಂದ ಮಾಳಿಗೆಯ ಮಳೆನೀರು ಹಿಡಿದಿಟ್ಟು ಒಂದೇ ಪಾತಿ ಬೆಳೆಯುತ್ತೇನೆ. ತಿಪ್ಪೆ ನಾರುತ್ತದೆಂದು ಗೋಡೆಯಾಚೆಯವರು ಹೇಳುತ್ತಲೇ ಇರುತ್ತಾರೆ, ನಾನು ಕೇಳಿಸಿಕೊಳ್ಳುತ್ತಲೇ ಇರುತ್ತೇನೆ. ಅಂದು ಫಾತಿಮಾಬಿಯ ಮನೆಯೊಳಗೆ ಅಳುತ್ತಿದ್ದ ಮಗು ನಸ್ರೀನ್. ಈಗ ಅವಳ ಮಗಳಿಗೆ ಹೆರಿಗೆಯಾಗಿದೆ. "ಅಕ್ಕಾ, ಅತ್ತೆ ಪಾತೀದು ಸಬ್ಸಿಗೆ ಇದ್ಯಾ?" ಎಂದು ಫೋನು ಮಾಡಿದ್ದಳು.

ಅದೇ ಸೊಪ್ಪಿನ ಮೇಲೆ ಮೊನ್ನೆ ಹನಿ ಬಿದ್ದದ್ದು. ಬಾಯಿ ತೊಳೆದುಕೊಂಡು ಅಪಾರ್ಟ್‌ಮೆಂಟಿನ ಗೇಟಿಗೆ ಹೋದೆ. ಅಸೋಸಿಯೇಷನ್ನಿನ ಸೆಕ್ರೆಟರಿ ಧಾರವಾಡದ ಕಡೆಯವರು, ಮಾತು ಮರ್ಯಾದೆಯದು. "ಮೇಡಂ, ಅದು ಸೇಫ್ ಅದ ರೀ. ಎಲ್ಲಾ ಕಡೆ ಇದನ್ನ ಹೊಡಸ್ತಾರ," ಎಂದರು. ನಾನು ವಾಪಸ್ಸು ಬಂದು ಪಾತಿಯ ಸೊಪ್ಪನ್ನೆಲ್ಲ ಬೇರು ಸಮೇತ ಕಿತ್ತೆ. ಎಳೆಯ, ಒಂದೂ ಹುಳ ಮುಟ್ಟದ ಒಂದು ಕಟ್ಟು ಆರಿಸಿ ಮತ್ತೆ ಗೇಟಿಗೆ ಹೋಗಿ ಅವರ ಮುಂದೆ ಹಿಡಿದೆ.

"ತಗೊಳ್ಳಿ ಸರ್. ಮನೇಲಿ ಸಣ್ಣ ಮಕ್ಕಳಿದಾರಲ್ಲ, ಇವತ್ತು ಇದ್ರದ್ದೇ ಸಾರು ಮಾಡ್ಸಿ. ಸೇಫ್ ಅಂದ್ರಲ್ಲ."

ಅವರ ಕೈ ಮುಂದೆ ಬರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಪ್ಯಾಂಟಿಗೆ ಅಂಗೈ ಒರೆಸಿಕೊಂಡರು. ನಾನು ಕಟ್ಟನ್ನು ಅವರ ಕಣ್ಣಿಗೆ ಬೀಳುವಂತೆ ಗೇಟಿನ ಕಟ್ಟೆಯ ಮೇಲಿಟ್ಟು ಬಂದೆ. ಸಂಜೆಯವರೆಗೂ ಅದನ್ನು ಯಾರೂ ಮುಟ್ಟಿರಲಿಲ್ಲ.

ನಸ್ರೀನ್‌ಗೆ ಫೋನು ಮಾಡಿ, ಈ ಸಲದ್ದು ನಾನು ತಿನ್ನುವಂಥದ್ದಲ್ಲ, ಸ್ವಲ್ಪ ಕಾಯಿ ಎಂದೆ. ಅವಳು ಯಾಕೆಂದು ಕೇಳಲಿಲ್ಲ, ಅಜ್ಜಿ ಫಾತಿಮಾಬಿ ಹೇಳಿದ್ದ ಕಥೆ ಅವಳಿಗೆ ಗೊತ್ತು. ಮೇಲ್ಮಣ್ಣು ಕೆರೆದು ತೆಗೆದು, ಔಷಧಿಯ ಹನಿ ತಡೆಯಲು ಗೋಡೆಯ ಉದ್ದಕ್ಕೂ ಹಳೆಯ ಸೀರೆ ಕಟ್ಟಿ, ಹೊಸ ಗೊಬ್ಬರ ಹಾಕಿ ಮತ್ತೆ ಬಿತ್ತಿದ್ದೇನೆ. ಕಟ್ಟಿರುವುದು ಅತ್ತೆಯ ಸೀರೆ, ಮಾರ್ಕೆಟ್ಟಿಗೆ ಉಡುತ್ತಿದ್ದ ಹಸಿರುಗೆಂಪಿನದು. ಗಾಳಿ ಬೀಸಿದಾಗಲೆಲ್ಲ ಸೆರಗು ಅವರ ಗೋಡೆಗೆ ಪಟಪಟ ಬಡಿಯುತ್ತದೆ.