ಆರನೆಯ ಪಾಳಿಯ ಕೊಡ

೧೪ ಮೇ ೨೦೦೩, ಬುಧವಾರ. ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ.

ನನಗೆ ಎಣಿಸುವ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುದ್ದೇಬಿಹಾಳದ ಬಸ್ಸು ದಾರಿಯಲ್ಲಿ ಎಷ್ಟು ಕಡೆ ನಿಂತಿತು, ಸಿಂದಗಿಯ ಬೀಗರು ಊಟಕ್ಕೆ ಕೂತಾಗ ಎಷ್ಟು ಸಲ ‘ಇನ್ನೊಂದು ರೊಟ್ಟಿ’ ಎಂದರು, ಎಲ್ಲವೂ ನನ್ನ ಡೈರಿಯಲ್ಲಿದೆ. ಕಾಲೇಜಿನ ಹಾಜರಿ ಪಟ್ಟಿ ನೋಡಿಕೊಳ್ಳುವ ಗುಮಾಸ್ತನಿಗೆ ಇದು ಬರಬಹುದಾದ ರೋಗವೇ. ಇಂಥವನು ಪ್ರೀತಿಯಲ್ಲೂ ನ್ಯಾಯ ಬಿಡುವುದಿಲ್ಲ ಎಂದು ನಿಮಗೆ ಅನ್ನಿಸಿದರೆ ನಿಮ್ಮ ತಪ್ಪಿಲ್ಲ. ಐದು ವರ್ಷದ ಹಿಂದೆ ಬಾಗೇವಾಡಿಯ ನಮ್ಮ ಓಣಿಗೂ ಹಾಗೇ ಅನ್ನಿಸಿತ್ತು.

ಆ ವರ್ಷ ಮಾರ್ಚಿನಲ್ಲೇ ಬಿಸಿಲು ಏರಿ, ನಳ ಮೂರು ದಿನಕ್ಕೊಮ್ಮೆ ಬರತೊಡಗಿತು. ಜನ ನಸುಕಿನಲ್ಲೇ ಖಾಲಿ ಕೊಡ ಇಟ್ಟು ಪಾಳಿ ಹಚ್ಚಿ ಹೋಗುತ್ತಿದ್ದರು. ಅವರು ಅತ್ತ ಹೋದ ಮೇಲೆ ಇತ್ತ ಕೊಡಗಳು ತಾವೇ ಮುಂದೆ ನಡೆಯುತ್ತಿದ್ದವು. ಜಗಳ ಹೆಚ್ಚಾಗಿ, ಬಂದ ಕ್ರಮದಲ್ಲಿ ಕೊಡದ ಮೇಲೆ ಸೀಮೆಸುಣ್ಣದಿಂದ ನಂಬರು ಬರೆಯುವ ಕೆಲಸ ನನಗೆ ಬಂತು. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರಂತೆ. ನಮ್ಮ ನಳದ ಹತ್ತಿರ ಹಾಗೆ ಮಾಡಿದರೆ ಆಕೆ ಕೊಡ ಎಡವಿ ಬೀಳುತ್ತಿದ್ದಳು. ಇಲ್ಲಿ ಕಣ್ಣಿರಲೇಬೇಕು. ತೊಂದರೆ ಇದ್ದದ್ದೂ ಅಲ್ಲಿಯೇ.

ಎದುರು ಮನೆಯ ಶಶಿಕಲಾಳನ್ನು ನಮ್ಮ ಮನೆಯವರು ನನಗಾಗಿ ಲಗ್ನಕ್ಕೆ ಕೇಳಿದ್ದರು. ಆಕೆ ಮನಗೂಳಿಯ ಸಾಲಿಯಲ್ಲಿ ಟೀಚರು. ಎಂಟರ ಬಸ್ಸು ತಪ್ಪಿದರೆ ಹಾಜರಿಯಲ್ಲಿ ಕೆಂಪು ಗೀಟು. ಹಿರಿಯರೆಲ್ಲ ಒಪ್ಪಿದ್ದರೂ ಆಕೆ ಮಾತ್ರ ಹದಿನೈದು ದಿನ ಬಿಟ್ಟು ಹೇಳುತ್ತೇನೆ ಎಂದಿದ್ದಳು. ನನ್ನ ಲೆಕ್ಕದಲ್ಲಿ ಅದು ಐದು ನಳ.

ಮೊದಲನೆಯ ನಳಕ್ಕೆ ಆಕೆಯ ಹಿತ್ತಾಳೆ ಕೊಡ ಬಂದದ್ದು ಆರನೆಯದಾಗಿ. ನನ್ನ ಕೈ ಎರಡು ಎಂದು ಬರೆಯಿತು. ಮುಂದಿದ್ದ ನಾಲ್ಕು ಕೊಡಗಳ ನಂಬರನ್ನು ಒರೆಸಿ ತಿದ್ದಿದ್ದೂ ಅದೇ ಕೈ. ಎರಡರಿಂದ ಮೂರಕ್ಕೆ ಇಳಿದ ಪಕ್ಕದ ಮನೆಯ ಗಂಗವ್ವ ಎಲ್ಲರ ಮುಂದೆ ಕೇಳಿದಳು: “ಏನೋ ತಮ್ಮಾ, ಲಗ್ನಕ್ಕಿಂತ ಮದ್ಲ ಕೊಡಾ ಮನಿ ತುಂಬಿಸ್ಕೊಳ್ಳಾಕತ್ತಿ?” ಓಣಿ ನಕ್ಕಿತು.

ಅವಮಾನದಿಂದ ನನಗೆ ನೀತಿಯ ಜ್ವರ ಬಂತು. ಎರಡನೆಯ ನಳಕ್ಕೂ ಆಕೆಯದು ಆರನೆಯದೇ. ನಾನು ಹದಿನೆಂಟು ಎಂದು ಬರೆದು ಕೊಡವನ್ನು ಕೊನೆಗೆ ಇಟ್ಟೆ. ಡೈರಿಯಲ್ಲಿ ‘ನಿಷ್ಪಕ್ಷಪಾತ’ ಎಂದು ಬರೆದು ಅಡಿಗೆರೆ ಎಳೆದೆ. ಅಂದು ಆಕೆಗೆ ಬಸ್ಸು ತಪ್ಪಿತು.

ಸಂಜೆ ನಮ್ಮ ಕಟ್ಟೆಯ ಮುಂದೆ ಬಂದು ನಿಂತಳು. ದನಿ ಏರಿಸಲಿಲ್ಲ.

“ಮೊದಲನೇ ಸಲ ನನ್ನ ನೋಡಿದ್ರಿ, ಎರಡನೇ ಸಲ ಮಂದೀನ ನೋಡಿದ್ರಿ. ಕೊಡಾ ಯಾವಾಗ ನೋಡಿದ್ರಿ? ನಂದು ಆರನೇ ನಂಬರ್ ಇತ್ತು.”

ತಪ್ಪಾಯಿತು ಎಂದೆ.

“ನನಗ ಒಬ್ಬಾಕಿಗೆ ಹೇಳಿದ್ರ ಹ್ಯಾಂಗ್ರಿ? ಹಿಂದ ಸರದವ್ರು ನಾಕ ಮಂದಿ ಅದಾರ.”

ನಾಲ್ಕೂ ಮನೆಗೆ ಹೋದೆ. ಫಲಿತಾಂಶ: ಮೂರು ಕಪ್ ಚಹಾ, ಒಂದು ಬೈಗುಳ. ಬೈದವಳು ಗಂಗವ್ವ, ಬೈದ ಮೇಲೆ ಒಂದು ಹಿಡಿ ಶೇಂಗಾ ಕೊಟ್ಟಳು, ಅದನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ತಿಳಿಯಲಿಲ್ಲ.

ನಮ್ಮಜ್ಜಿಯ ಕಾಲದಲ್ಲಿ ಬಾವಿಯ ಹತ್ತಿರ ಮನೆತನ ನೋಡಿ ದಾರಿ ಬಿಡುತ್ತಿದ್ದರಂತೆ. ನಳ ಬಂದ ಮೇಲೆ ಎಲ್ಲರಿಗೂ ಒಂದೊಂದು ನಂಬರು. ಹೊಸ ಕಾಲದ ದೊಡ್ಡ ಉಪಕಾರ ಅದು. ಆದರೆ ಬರೆಯುವ ಕೈ ಹಳೆಯದೇ. ಅದಕ್ಕೆ ಬೇಕಾದವರು ಕಂಡರೆ ಮುಂದೆ ತಳ್ಳುವ ಆಸೆ, ನೋಡುವವರಿದ್ದರೆ ಹಿಂದೆ ತಳ್ಳುವ ಶೋಕಿ. ಎರಡನೆಯದನ್ನು ನಾವು ನೀತಿ ಎಂದು ಕರೆಯುತ್ತೇವೆ.

ಐದನೆಯ ನಳದ ದಿನ ಆಕೆಯ ಅಪ್ಪ ಬಂದರು. ಮಗಳು ಹೂಂ ಅಂದಿದ್ದಾಳೆ ಎಂದರು. ಕಾರಣವನ್ನೂ ಹೇಳಿದರು: “ಹುಡುಗಗ ತನ್ನ ತಪ್ಪೂ ಎಣಿಸಾಕ ಬರತೈತಿ ಅಂದ್ಲ್ರಿ.”

ಈಗ ಅವ್ವ ಮತ್ತು ಶಶಿಕಲಾ ನಡುವೆ ಆಗಾಗ ತೀರ್ಪು ಹೇಳುವ ಪ್ರಸಂಗ ಬರುತ್ತದೆ. ಈವರೆಗೆ ನಲವತ್ತೊಂದು. ಯಾರನ್ನೂ ಮೆಚ್ಚಿಸಲು ಹೋಗದೆ ಹೇಳಿದ್ದು ಮೂರು. ಆ ಮೂರು ಸಲವೂ ಇಬ್ಬರೂ ಒಂದಾಗಿ ನನ್ನೊಂದಿಗೆ ಮಾತು ಬಿಟ್ಟರು. ಮನೆಯಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ತಮ್ಮವರನ್ನು ಮುಂದೂ ತಳ್ಳದೆ, ಹಿಂದೂ ತಳ್ಳದೆ, ಅವರ ಪಾಳಿಯಲ್ಲೇ ಇಡುವುದು ಹೇಗೆಂದು ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಪತ್ರವನ್ನು ಕಾಲೇಜಿಗೆ ಹಾಕಿ. ಮನೆಗೆ ಬಂದ ಅಂಚೆಯನ್ನು ಮೊದಲು ಯಾರು ಓದಬೇಕೆಂಬ ವಿಷಯದಲ್ಲಿ ನಾನಿನ್ನೂ ತೀರ್ಪು ಕೊಟ್ಟಿಲ್ಲ.