ಸತ್ಯವತಿ ಮಿಸ್ ಬರೆದ ಒಂದು ‘ಮೇ’

ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತದೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮಾತು ಜೋಡಿಸುವುದೂ ಸರಿಯಾಗಿ ಬಾರದು. ಓದುವವರು ದಯವಿಟ್ಟು ಕ್ಷಮಿಸಬೇಕು. ಸತ್ಯವತಿ ಮಿಸ್ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಬರೆದಿದ್ದೇನೆ, ನನ್ನದೇನೂ ಸೇರಿಸಿಲ್ಲ.

ಹೇರೋಹಳ್ಳಿಯ ಹಳೇ ಊರಿನೊಳಗೆ, ಆಟೋ ತಿರುಗಿಸಲೂ ಜಾಗವಿಲ್ಲದ ಓಣಿಯ ಕೊನೆಯಲ್ಲಿ ಸತ್ಯವತಿ ಮಿಸ್ ಮನೆ. ಮನೆ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಸಂಜೆ ಐದೂವರೆಯಿಂದ ಇಂಗ್ಲಿಷ್ ಕ್ಲಾಸು. ಹಿಂದಿನದರಲ್ಲಿ ಅವರ ತಾಯಿ ಅಣ್ಣಮ್ಮನವರ ಮಂಚ, ಹೊಲಿಗೆ ಮಿಷನ್ನು, ದೇವರ ಗೂಡು. ಮಿಸ್ಸಿಗೆ ನಲವತ್ತೇಳು ವರ್ಷ. ತಂದೆ ಮುನಿರಾಮಯ್ಯ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ರಾಜಾಜಿನಗರ ಬಿಟ್ಟು ಇಲ್ಲಿಗೆ ಬಂದರು, ಇಲ್ಲೇ ತೀರಿಕೊಂಡರು. ಮಿಸ್ ಮದುವೆಯಾಗಲಿಲ್ಲ. ಇಪ್ಪತ್ತು ವರ್ಷ ಒಬ್ಬ ವಕೀಲರ ಹತ್ತಿರ ಟೈಪಿಂಗ್ ಮಾಡಿದರು. ವಕೀಲರು ಹೋದ ಮೇಲೆ ಅವರ ಟೈಪ್‌ರೈಟರ್ ಮಿಸ್ ಮನೆಗೆ ಬಂತು. ಅಂದಿನಿಂದ ಓಣಿಗೆ ಇಂಗ್ಲಿಷಿನಲ್ಲಿ ಯಾವ ಕಾಗದ ಬರಲಿ, ಆಸ್ಪತ್ರೆ ಚೀಟಿಯಾಗಲಿ ಶಾಲೆಯ ನೋಟೀಸಾಗಲಿ, ಮೊದಲು ಅವರ ಕೈಗೇ ಹೋಗುತ್ತಿತ್ತು. “ಮಿಸ್ ಓದಿದ್ರೆ ಮುಗೀತು” ಎನ್ನುತ್ತಿದ್ದರು ಜನ. ಅವರಿಗಿದ್ದ ಆಸ್ತಿ ಆ ಒಂದು ಮಾತೇ.

ಕ್ಲಾಸಿಗೆ ಬರುವವರು ಹೆಚ್ಚಾಗಿ ಗಾರ್ಮೆಂಟ್ಸ್ ಹೆಂಗಸರು. ಅವರಿಗೆ ಕ್ಯಾನ್, ಮೇ, ಮಸ್ಟ್ ಕಲಿಸುವಾಗ ಮಿಸ್ ಕನ್ನಡದಿಂದಲೇ ಶುರು ಮಾಡುತ್ತಿದ್ದರು.

“ನಾನು ಹೋಗ್ತೀನಿ, ಅವಳು ಹೋಗ್ತಾಳೆ, ಹಸು ಹೋಗುತ್ತೆ. ಬಾಲ ಬದಲಾಯ್ತಲ್ವಾ? ಈಗ ‘ಬೇಕು’ ಹಾಕಿ. ನಾನು ಹೋಗ್ಬೇಕು, ಅವಳು ಹೋಗ್ಬೇಕು, ಹಸು ಹೋಗ್ಬೇಕು. ಏನಾದ್ರೂ ಬದಲಾಯ್ತಾ? ಇಂಗ್ಲಿಷಲ್ಲೂ ಅಷ್ಟೇ. ಶೀ ಗೋಸ್ ಅಂತೀವಿ. ಆದ್ರೆ ಶೀ ಮಸ್ಟ್ ಗೋ. ಮಸ್ಟ್ಸೂ ಅಲ್ಲ, ಗೋಸೂ ಅಲ್ಲ. ಮುಂದೆ ಹೆಸರಿರ್ಲಿ, ಹೆಸರಿನ ಬದ್ಲು ಹೀ, ಶೀ, ದೇ ಇರ್ಲಿ, ಈ ಪದ ಯಾರಿಗೂ ತಲೆ ಬಗ್ಸಲ್ಲ.”

“ನಮ್ ಫ್ಲೋರ್ ಇನ್‌ಚಾರ್ಜ್ ಥರ,” ಎಂದಳು ರಾಗಿಣಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಬಾಯಾಳಿ ಅವಳು. “ಮಸ್ಟ್ ಅಂದ್ರೆ ನಮ್ಮತ್ತೆ ಕಣ್ರೇ. ಮೇ ಅಂದ್ರೆ ನಮ್ಮನೆಯವ್ರು. ಬರಬಹುದು, ಬರದೇನೂ ಇರಬಹುದು.”

ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಹಿಂದಿನ ಕೋಣೆಯಲ್ಲಿ ಪಾತ್ರೆಗಳು ತಾವಾಗಿಯೇ ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಹಿಂದಿನ ಸೈಟಿನಲ್ಲಿ ಮಣ್ಣು ಅಗೆಯುತ್ತಿದ್ದರು. ನೆಲದ ಕೆಳಗೆ ಎರಡು ಅಂತಸ್ತು ಪಾರ್ಕಿಂಗ್, ಮೇಲೆ ಐದು ಅಂತಸ್ತು ಮನೆಗಳಂತೆ. ಸಂಕ್ರಾಂತಿಯಲ್ಲಿ ಅಲ್ಲೊಂದು ಹೊಂಗೆ ಮರ ಇತ್ತು. ಯುಗಾದಿ ಕಳೆಯುವಷ್ಟರಲ್ಲಿ ಆ ಮರವನ್ನು ಒಳಗೆ ನಿಲ್ಲಿಸಿದರೂ ತುದಿ ಹೊರಗೆ ಕಾಣದಷ್ಟು ಆಳದ ಗುಂಡಿಯಾಗಿತ್ತು.

ಪಾತ್ರೆ ಅಲುಗಿದ ಆ ಸಂಜೆಯೇ ಉಗ್ರಪ್ಪ ಬಂದರು. ಓಣಿಯ ಅರ್ಧ ಮನೆಗಳು ಅವರವು, ಮಿಸ್ ಇದ್ದ ಮನೆಯೂ ಅವರದೇ. ಅವರ ತಾತ ಇಲ್ಲಿ ರಾಗಿ ಬೆಳೆದವರು. ಉಗ್ರಪ್ಪ ನಿಂತೇ ಹೇಳತೊಡಗಿದರು.

“ಬರ್ಕೋ ಸತ್ಯಮ್ಮ. ಬಿಲ್ಡರ್‌ಗಳು ದಿನಾ ಅಗೀತಾ ಅವ್ರೆ. ಹಿಂಗೇ ಬಿಟ್ರೆ ಅವ್ರು ನಮ್ ಗೋಡೆ ತನಕ ಅಗೀಬಹುದು. ಇದು ನಮಗೆಲ್ಲ ಗೊತ್ತೈತೆ ಅಂತ ಹಾಕು. ಗೊತ್ತೈತೆ ಅಂದ್ರೆ ಸಾಕು, ಹೆದರ್ಕತಾರೆ.”

ಒಳಗೆ ಕುಕ್ಕರ್ ಕೂಗುತ್ತಿತ್ತು. ಹೆಂಗಸರು ಪುಸ್ತಕ ತೆರೆದುಕೊಂಡು ಕಾಯುತ್ತಿದ್ದರು. ಮಿಸ್ ಪದಕ್ಕೆ ಪದ ಇಟ್ಟು ಟೈಪ್ ಮಾಡಿದರು: “ದ ಬಿಲ್ಡರ್ಸ್ ಆರ್ ಡಿಗಿಂಗ್ ಡೈಲಿ. ದೇ ಮೇ ಡಿಗ್ ಅಪ್ ಟು ಅವರ್ ವಾಲ್. ವಿ ಆರ್ ಆಲ್ ಅವೇರ್ ಆಫ್ ದಿಸ್.” ಉಗ್ರಪ್ಪ ಎದೆಯುಬ್ಬಿಸಿ ಸಹಿ ಹಾಕಿದರು. ಮರುದಿನ ತಾವೇ ಹೋಗಿ ಸೈಟ್ ಎಂಜಿನಿಯರ್ ನಾಗಭೂಷಣ್ ಕೈಗೆ ಕೊಟ್ಟು ಬಂದರು.

“ಎರಡೆರಡು ಸಲ ಓದ್ದ ಕಣಮ್ಮ. ಆಮೇಲೆ ಟೀ ತರ್ಸಿ ಕೊಟ್ಟ. ಹೆದರವ್ನೆ!”

ಮೂರನೇ ದಿನ ಜೆಸಿಬಿ ಗೋಡೆಯ ಬುಡಕ್ಕೇ ಬಂತು.

ದೇವರ ಗೂಡಿನ ಮೂಲೆಯಿಂದ ಒಂದು ಬಿರುಕು ಕೂದಲೆಳೆಯಂತೆ ಇಳಿದಿತ್ತು. ಅಣ್ಣಮ್ಮನವರು ಹಳೇ ನೋಟ್‌ಬುಕ್ಕಿನಿಂದ ಒಂದು ಚೂರು ಹರಿದು, ಗಂಜಿ ಸವರಿ ಬಿರುಕಿನ ಮೇಲೆ ಅಡ್ಡಡ್ಡ ಅಂಟಿಸಿದರು. “ಮಿಲ್ಲಲ್ಲಿ ನಿಮ್ಮಪ್ಪ ಹಿಂಗೇ ಮಾಡ್ತಿದ್ರು. ಗೋಡೆ ಅಲುಗಿದ್ರೆ ಕಾಗದ ಹೇಳುತ್ತೆ,” ಎಂದರು.

ಮಿಸ್ ಚಪ್ಪಲಿ ಮೆಟ್ಟಿ ನೇರ ಸೈಟಿಗೆ ಹೋದರು. ನಾಗಭೂಷಣ್ ತಗಡಿನ ಶೆಡ್ಡಿನಲ್ಲಿ ಕೂತಿದ್ದರು. ದನಿ ಏರಿಸುವ ಮನುಷ್ಯನಲ್ಲ. ಅದರಿಂದಲೇ ಮಿಸ್ಸಿಗೆ ಹೆಚ್ಚು ಭಯವಾಯಿತು.

“ಯಾರನ್ನ ಕೇಳಿ ಗೋಡೆ ಹತ್ರ ಬಂದ್ರಿ ಸಾರ್?”

“ನೀವೇ ಹೇಳಿದ್ದೀರಲ್ಲ ಮೇಡಮ್.” ಅವರು ಪ್ಲಾಸ್ಟಿಕ್ ಫೈಲಿನಿಂದ ಕಾಗದ ತೆಗೆದು ಮೇಜಿನ ಮೇಲೆ ತಿರುಗಿಸಿಟ್ಟರು. “ದೇ ಮೇ ಡಿಗ್. ಅವರು ಅಗೆಯಬಹುದು.”

ಮಿಸ್ ತಮ್ಮ ವಾಕ್ಯವನ್ನು ತಾವೇ ಓದಿದರು. ಮಳೆ ಬರಬಹುದು ಎಂದರೆ ಅನುಮಾನ. ನೀನಿನ್ನು ಹೊರಡಬಹುದು ಎಂದರೆ ಅಪ್ಪಣೆ. ಇಂಗ್ಲಿಷಿನ ಮೇ ಕೂಡ ಹಾಗೆಯೇ, ಒಂದೇ ಬಾಯಲ್ಲಿ ಎರಡು ನಾಲಿಗೆ. ವಕೀಲರ ಕರಾರು ಪತ್ರಗಳಲ್ಲಿ ಅಪ್ಪಣೆಯ ಮೇ ಅನ್ನು ಅವರ ಬೆರಳು ಎಷ್ಟು ಸಾವಿರ ಸಲ ಒತ್ತಿರಲಿಲ್ಲ!

“ಇದು ಅನುಮಾನದ ಮೇ ಸಾರ್. ಅಪ್ಪಣೆಯದಲ್ಲ.”

“ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಲ್ಲ,” ನಾಗಭೂಷಣ್ ಮೆಲ್ಲಗೆ ನಕ್ಕರು. “ದೇ ಅಂದ್ರೆ ಯಾರು? ಹಿಂದಿನ ವಾಕ್ಯದ ಬಿಲ್ಡರ್ಸ್. ಅಂದ್ರೆ ನಾವು. ನಿಮಗೆಲ್ಲ ಗೊತ್ತಿದೆ ಅಂತಾನೂ ಇದೆ. ಕೆಳಗೆ ಓನರ್ ಸೈನ್. ಕಾಗದ ತಪ್ಪಾಗಿದೆ ಅಂತ ಓನರ್ರೇ ಬರ್ದು ಕೊಡ್ಲಿ, ಅವತ್ತೇ ನಿಲ್ಲಿಸ್ತೀನಿ.”

ಉಗ್ರಪ್ಪ ಓಣಿಯ ಬಾಯಲ್ಲೇ ಕಲ್ಲಿನ ಮೇಲೆ ಕೂತಿದ್ದರು. “ಏನಂದ ಸತ್ಯಮ್ಮ?”

ಹೇಳಿಬಿಡಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ನಾಳೆ ಓಣಿಯಲ್ಲಿ ಯಾರು ಕಾಗದ ತರುತ್ತಾರೆ? ಮಿಸ್ ಓದಿದರೆ ಮುಗಿಯಿತು ಎಂಬ ಮಾತಿಗೆ ಬೇರೆಯದೇ ಅರ್ಥ ಬರುತ್ತಿತ್ತು.

“ನೋಡ್ತೀನಿ ಅಂದ್ರು,” ಎಂದು ಒಳಗೆ ಬಂದುಬಿಟ್ಟರು.

ಬೆಳಿಗ್ಗೆ ಗೋಡೆಯ ಕಾಗದ ನಡುವೆ ಹರಿದಿತ್ತು. ಅಣ್ಣಮ್ಮನವರು ಇನ್ನೊಂದು ಅಂಟಿಸಿದರು. ಅದು ಮಧ್ಯಾಹ್ನದ ಊಟದ ಹೊತ್ತಿಗೆ ಹರಿಯಿತು.

“ಅಮ್ಮ, ಮುಂದಿನ ಕೋಣೆಗೆ ಬಂದುಬಿಡು.”

“ನಿಮ್ಮಪ್ಪ ಉಸಿರು ಬಿಟ್ಟ ಜಾಗ. ನಾನೆಲ್ಲಿಗೂ ಬರಲ್ಲ. ಗೋಡೆ ಬೀಳುತ್ತೋ ಇಲ್ವೋ, ಒಂದು ಹೇಳು.”

“ಬೀಳಬಹುದು.”

“ಬಹುದು ಅಂತೆ, ಬಹುದು! ನಿದ್ದೇಲೂ ಮೇ ಮೇ ಅಂತ ಕುರಿ ಥರ ಗೊಣಗ್ತೀಯ. ಏನು, ಮೇ ತಿಂಗ್ಳಿಗಾ ಬೀಳೋದು?”

ಮೇ ತಿಂಗಳಿಗೆ ಇನ್ನು ನಾಲ್ಕೇ ದಿನವಿತ್ತು. ಕೆಂಗೇರಿ ಕಡೆಯಿಂದ ಮೊದಲ ಮೋಡ ಏಳತೊಡಗಿತ್ತು. ಮಿಸ್ಸಿಗೆ ನಗು ಬರಲಿಲ್ಲ.

ಮಾರನೇ ಸಂಜೆ ಕ್ಲಾಸಿನಲ್ಲಿ ಮೇ ಹಾಕಿ ಬರೆದು ತಂದ ವಾಕ್ಯಗಳನ್ನು ಒಬ್ಬೊಬ್ಬರೇ ಓದಿದರು. ರಾಗಿಣಿ ಎದ್ದು ನಿಂತು ಓದಿದಳು: “ದ ವಾಲ್ ಮೇ ಫಾಲ್.” ಆಮೇಲೆ ತಲೆ ಕೆರೆದುಕೊಂಡಳು. “ಮಿಸ್, ನಂಗೊಂದು ಡೌಟು. ಇದು ಅನುಮಾನಾನಾ, ಅಪ್ಪಣೆನಾ? ಅಪ್ಪಣೆ ಅಂದ್ರೆ, ಗೋಡೆಗೆ ಬೀಳಪ್ಪ ಅಂತ ಅಪ್ಪಣೆ ಕೊಟ್ಟೋರ್ಯಾರು?”

ಹೆಂಗಸರು ನಕ್ಕರು. ಒಳಗೆ ಗೋಡೆಯಿಂದ ಒಂದು ಹಿಡಿ ಮಣ್ಣು ಸರಸರನೆ ಉದುರಿದ್ದು ಎಲ್ಲರಿಗೂ ಕೇಳಿಸಿತು.

“ನಾನು,” ಎಂದರು ಮಿಸ್.

ಅವರು ಚಾಕ್ ಕೆಳಗಿಟ್ಟು, ಕಾಗದದ ವಿಷಯವನ್ನು ಮೊದಲಿಂದ ಕೊನೆವರೆಗೂ ಹೇಳಿದರು. ಉಗ್ರಪ್ಪನವರಿಗೆ ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ.

“ಇಷ್ಟೆಲ್ಲ ಒಂದೇ ಒಂದು ಪದಕ್ಕಾ ಮಿಸ್?” ಎಂದಳು ರಾಗಿಣಿ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಏಳ್ರೇ. ಅಜ್ಜಿ ಮಂಚ ಎತ್ತೋಣ.”

“ಬಿಡ್ರೇ, ನಿಮ್ ಮನೆ ಹಾಳಾಗ!” ಎಂದು ಅಣ್ಣಮ್ಮನವರು ಬೈಯುತ್ತಿದ್ದ ಹಾಗೆಯೇ ಆರು ಜನ ಹೆಂಗಸರು ಅವರನ್ನು ಮಂಚದ ಸಮೇತ ಮುಂದಿನ ಕೋಣೆಗೆ ತಂದರು. ಮಂಚ ಸರಿದ ಜಾಗದಲ್ಲಿ ಗೋಡೆಯ ಬುಡ ಕಾಣಿಸಿತು. ಮೇಲೆ ಕೂದಲೆಳೆಯಷ್ಟಿದ್ದ ಬಿರುಕು ಅಲ್ಲಿ ಕೈಬೆರಳು ಹೋಗುವಷ್ಟು ಅಗಲವಾಗಿತ್ತು. ಅದರೊಳಗಿಂದ ಗುಂಡಿಯ ಹಸಿ ಮಣ್ಣಿನ ವಾಸನೆ ತಣ್ಣಗೆ ಬರುತ್ತಿತ್ತು. ಬೈಯುತ್ತಿದ್ದ ಅಣ್ಣಮ್ಮನವರು ಬಾಗಿಲಿನಿಂದ ಅದನ್ನು ನೋಡಿ, “ದೇವರ ಪಟಾನೂ ಈಚೆ ತನ್ರೇ,” ಎಂದರು.

ಎಲ್ಲರೂ ಹೋದ ಮೇಲೆ ಮಿಸ್ ಟೈಪ್‌ರೈಟರಿಗೆ ಹೊಸ ಹಾಳೆ ಹಾಕಿದರು. ಈ ಸಲ ದೇ ಎಂದು ಬರೆಯಲಿಲ್ಲ, ಯಾರೆಂದು ಹೆಸರನ್ನೇ ಹಾಕಿದರು. ಮೇ ಎಂದೂ ಬರೆಯಲಿಲ್ಲ. “ದ ಬಿಲ್ಡರ್ಸ್ ಮಸ್ಟ್ ನಾಟ್ ಡಿಗ್ ನಿಯರ್ ಅವರ್ ವಾಲ್. ದ ಫಸ್ಟ್ ಲೆಟರ್ ವಾಸ್ ಮೈ ಮಿಸ್ಟೇಕ್.” ಕೆಳಗೆ ಒಂದು ಸಹಿ ತಮ್ಮದು ಹಾಕಿದರು. ಪಕ್ಕದಲ್ಲಿ ಉಗ್ರಪ್ಪನವರ ಸಹಿಗೆ ಜಾಗ ಬಿಟ್ಟರು. ತಗಡಿನ ಮಾಡಿನ ಮೇಲೆ ನಾಲ್ಕು ಹನಿ ಬಿದ್ದು ನಿಂತವು. ಹಿಂದಿನ ಕೋಣೆಯ ಬಾಗಿಲನ್ನು ಮಿಸ್ ಹೊರಗಿನಿಂದ ಚಿಲಕ ಹಾಕಿದರು.

ಜೆಸಿಬಿ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ. ಉಗ್ರಪ್ಪ ಆರಕ್ಕೆ ಎದ್ದು ಹಾಲಿಗೆ ಹೊರಡುತ್ತಾರೆ. ನಾಳೆ ಆರಕ್ಕೆ ಸತ್ಯವತಿ ಮಿಸ್ ಉಗ್ರಪ್ಪನವರ ಬಾಗಿಲಿಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ, ಸಹಿ ಕೇಳುತ್ತಾರೆ.