ಮನೆಗೆಂದು ಬಿಟ್ಟ ಪಾತಿ

ಕುಂದಾಣದ ಕಡೆಯ ನಮ್ಮ ತೋಟದಲ್ಲಿ ತರಕಾರಿ ಎರಡು ಥರ. ಮಾರ್ಕೆಟ್ಟಿಗೆ ಹೋಗುವುದು ಒಂದು, ಮನೆಗೆ ಅಂತ ನೀರಿನ ತೊಟ್ಟಿಯ ಪಕ್ಕ ಬಿಟ್ಟುಕೊಂಡ ನಾಲ್ಕು ಪಾತಿ ಇನ್ನೊಂದು. ಮನೆಯ ಪಾತಿಗೆ ಔಷಧಿ ಹೊಡೆಯುವುದಿಲ್ಲ. ಅಪ್ಪನ ಕಾಲದಿಂದಲೂ ಹಾಗೇ. ಹುಳ ಕೊರೆದ ಬದನೆಕಾಯಿಯನ್ನು ಅಮ್ಮ ಹೆಮ್ಮೆಯಿಂದಲೇ ಹೆಚ್ಚುತ್ತಿದ್ದಳು.

ಅಮ್ಮನ ಬಲಗೈ ನಡುಗಲು ಶುರುವಾಗಿ, ಮುದ್ದೆ ಕಟ್ಟುವುದೂ ಕಷ್ಟವಾದ ಮೇಲೆ ದೇವನಹಳ್ಳಿಗೆ ಕರೆದುಕೊಂಡು ಹೋದೆ. ಪಾರ್ಕಿನ್ಸನ್ ಇರಬಹುದು ಎಂದ ಡಾಕ್ಟರಮ್ಮ, ತೋಟಕ್ಕೆ ಏನೇನು ಹೊಡೆಯುತ್ತಿದ್ದಿರಿ ಎಂದು ಕೇಳಿದರು. ಹಿಂದೆ ಬಿಎಚ್‌ಸಿ ಪುಡಿ, ಆಮೇಲೆ ಎಂಡೋಸಲ್ಫಾನ್, ಈಗ ಅಂಗಡಿಯವನು ಕೊಟ್ಟದ್ದು ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

"ಆದ್ರೆ ಮೇಡಂ, ಔಷಧಿ ಹೊಡೆದಿದ್ದನ್ನ ನಾವು ತಿನ್ನಲ್ಲ. ಮನೇಗೆ ಬೇರೆ ಬೆಳ್ಕೊಂತೀವಿ."

ಅವರು ಬರೆಯುವುದನ್ನು ಬಿಟ್ಟು ನನ್ನ ಮುಖ ನೋಡಿದರು. "ಹಾಗಾದ್ರೆ ನಾವು ತಿನ್ನೋದು ಅದನ್ನಾ?"

ಸಿಟ್ಟಿನಿಂದ ಕೇಳಿದ್ದರೆ ನಾನೂ ಬಿಡುತ್ತಿರಲಿಲ್ಲ. ಒಂದು ಚುಕ್ಕೆಯಿದ್ದರೂ ಕಾಯಿ ಪಕ್ಕಕ್ಕೆ ಎಸೆಯುವವರು ನೀವೇ ತಾನೇ ಎನ್ನುತ್ತಿದ್ದೆ. ಆದರೆ ಆಕೆ ಸುಮ್ಮನೆ, ತಿಳಿದುಕೊಳ್ಳಲು ಕೇಳಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಅಮ್ಮ ನನ್ನ ಮಾನ ಉಳಿಸಲು ನಡುವೆ ಬಾಯಿ ಹಾಕಿದಳು. "ನಾನು ಔಷಧಿ ಹೊಡ್ದೋಳೇ ಅಲ್ಲ ಕಣಮ್ಮ. ಅದೆಲ್ಲ ಇವರಪ್ಪಂದು. ನಾನು ಬರೀ ಕ್ಯಾನು ತೊಳೀತಿದ್ದೆ."

"ಎಲ್ಲಿ ತೊಳೀತಿದ್ರಿ?"

"ತೊಟ್ಟಿ ಹತ್ರಾನೇ. ಆ ನೀರು ದಂಡ ಮಾಡಕ್ಕಾಗುತ್ತಾ? ಮನೆ ಪಾತಿಗೆ ತಿರುಗಿಸ್ತಿದ್ದೆ."

ಮುಖ ತೊಳೆದ ನೀರನ್ನೂ ಗಿಡದ ಬುಡಕ್ಕೆ ಬಿಡುವ ಜನ ನಾವು. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಅಮ್ಮನ ಜತನ ಹೆಚ್ಚಾಗಿತ್ತು. ಅವಳು ನೀರು ತಿರುಗಿಸುವುದನ್ನು ನಾನು ದಿನಾ ನೋಡಿದವನೇ. ಒಮ್ಮೆಯೂ ಅದೇನೆಂದು ಯೋಚಿಸಿರಲಿಲ್ಲ.

"ಕೆಲವು ಔಷಧಿ ಹೊಡೆಯೋದು ನಿಲ್ಲಿಸಿದ್ರೂ ಮಣ್ಣಲ್ಲಿ ವರ್ಷಗಟ್ಟಲೆ ಉಳ್ಕೊಳುತ್ತೆ," ಎಂದರು ಡಾಕ್ಟರಮ್ಮ. "ಕಾಯಿಲೆ ಅದ್ರಿಂದಾನೇ ಬಂತು ಅಂತ ಹೇಳಕ್ಕಾಗಲ್ಲ. ಅಲ್ಲ ಅಂತಾನೂ ಹೇಳಕ್ಕಾಗಲ್ಲ."

ಮತ್ತೆ ತೋರಿಸಲು ಹೊರಟ ಬೆಳಿಗ್ಗೆ ಅಮ್ಮ ಬ್ಯಾಗು ಹಿಡಿದು ಬಂದಳು. ಬ್ಯಾಗು ಅವಳ ಕೈಯ ಜೊತೆ ಅದುರುತ್ತಿತ್ತು. "ಬರಿಗೈಲಿ ಹೋಗೋದಾ? ಆಯಮ್ಮ ಅಷ್ಟು ಚೆನ್ನಾಗಿ ಮಾತಾಡಿಸ್ತು. ಒಂದಿಷ್ಟು ಬದನೆಕಾಯಿ ಕಿತ್ಕೊಂಡು ಬಾ ಹೋಗು."

ತೋಟಕ್ಕೆ ಹೋದೆ. ಈ ಕಡೆ ಮಾರ್ಕೆಟ್ಟಿನ ಸಾಲು, ಆ ಕಡೆ ಮನೆಯ ಪಾತಿ. ಮೊದಲು ಸಾಲಿನ ಕಡೆ ಬಗ್ಗಿದೆ, ಆಮೇಲೆ ಪಾತಿಯ ಕಡೆ. ಎರಡೂ ಕಡೆ ಕೈ ಮುಂದಕ್ಕೆ ಹೋಗಲಿಲ್ಲ. ಖಾಲಿ ಬ್ಯಾಗು ಹಿಡಿದು ವಾಪಸು ಬಂದೆ.

"ಯಾಕೋ, ಕೀಳ್ಲಿಲ್ವಾ?"

"ಒಬ್ರಿಗೆ ಕೊಡೋ ಅಂಥದ್ದು ಏನೂ ಇಲ್ಲ ಕಣಮ್ಮ," ಎಂದೆ.

ತೋಟದ ತುಂಬ ಕಾಯಿ ಇತ್ತು.